ಖಾರವಿಲ್ಲದ ಅಣಬೆ

ಮ್ಯೂಸಿಯಂನಲ್ಲಿ ಅಣಬೆಗಳನ್ನು ಕುಟುಂಬವಾರು ವಿಂಗಡಿಸುವುದು ನನ್ನ ಕೆಲಸ. ನನ್ನ ಪಾಲಿಗೆ ಬಂದದ್ದು ರುಸುಲ ಎಂಬ ಕಾಡಣಬೆಗಳ ಕುಟುಂಬ. ಅದರ ಜಾತಿಗಳನ್ನು ಗುರುತಿಸಲು ನಾವು ಚೂರು ಕಚ್ಚಿ, ರುಚಿ ನೋಡಿ, ಉಗಿಯುತ್ತೇವೆ. ಖಾರವಿದ್ದರೆ ಬಿಡಬೇಕು, ಇಲ್ಲದಿದ್ದರೆ ತಿನ್ನಬಹುದು. ಹೋದ ವಾರ ಭಾವನಿಗೆ ಇದನ್ನು ಹೇಳಿದ್ದೆ. ಕೈಯಲ್ಲಿರುವುದು ರುಸುಲವೇ ಎಂಬುದು ಮೊದಲು ಖಚಿತವಾಗಬೇಕು ಅಂತಲೂ ಬಾಯಿ ಬಡಿದುಕೊಂಡಿದ್ದೆ. ಆ ಮಾತು ಮಹಾಶಯರ ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬಂದಿತ್ತು.

ಇವತ್ತು ಮಧ್ಯಾಹ್ನ ಅಕ್ಕನ ಮನೆಗೆ ಹೋದರೆ ಭಾವ ಒಲೆಯ ಮುಂದಿದ್ದರು. ಅವರು ಸೌಟು ಹಿಡಿದದ್ದನ್ನು ನಾನು ಕಂಡದ್ದೇ ಇಲ್ಲ.

“ನೋಡಮ್ಮಾ, ಹಸಿರು ರುಸುಲ! ನಾನೇ ಕಾಡಿಂದ ತಂದೆ. ಕಚ್ಚಿ ನೋಡ್ದೆ, ಖಾರ ಇಲ್ವೇ ಇಲ್ಲ!”

ಕಸದ ಬುಟ್ಟಿಗೆ ಕೈ ಹಾಕಿ ಒಂದು ಕಾಂಡ ಎತ್ತಿಕೊಂಡೆ. ರುಸುಲವಾದರೆ ಸೀಮೆಸುಣ್ಣದ ಹಾಗೆ ಪಟ್ಟನೆ ಮುರಿಯಬೇಕು. ಇದು ಎಳೆ ಎಳೆಯಾಗಿ ಸೀಳಿತು. ಕಾಂಡದ ಸುತ್ತ ತೆಳ್ಳನೆಯ ಉಂಗುರ ಬೇರೆ ಇತ್ತು, ರುಸುಲಕ್ಕೆ ಅದಿರುವುದಿಲ್ಲ. ಇದು ಬೇರೆಯೇ ಕುಟುಂಬ, ಲಿವರ್ ಹಾಳುಮಾಡಿ ಕೊಲ್ಲುವ ಅಣಬೆ.

“ಯಾರು ತಿಂದ್ರು ಭಾವ?”

“ನಿಮ್ಮಕ್ಕ. ತಟ್ಟೆ ಪೂರ್ತಿ ಖಾಲಿ ಮಾಡಿದ್ಲು. ನಮ್ಮಿಬ್ಬರಿಗೆ ಈಗ ಹುರೀತಿದೀನಿ.”

ಒಲೆ ಆರಿಸಿ ಒಳಗೆ ಓಡಿದೆ. ಅಕ್ಕ ಬಟ್ಟೆ ಮಡಚುತ್ತಿದ್ದಳು. ನೀನು ತಿಂದದ್ದು ವಿಷದ ಅಣಬೆ ಅಂದೆ.

“ಏನೇ ಇದು, ಮುಖ ಬಿಳಿಚ್ಕೊಂಡಿದೆ? ನಾನು ಗುಂಡುಕಲ್ಲಿನ ಹಾಗಿದೀನಲ್ಲ!”

“ಅದೇ ಭಯ ಕಣೇ! ಈ ವಿಷ ಮೊದಲು ಸುಮ್ನಿರುತ್ತೆ. ವಾಂತಿ ಶುರುವಾಗೋ ಹೊತ್ತಿಗೆ ತಡ ಆಗಿರುತ್ತೆ. ಏಳು, ಚಪ್ಪಲಿ ಹಾಕ್ಕೋ!”

“ಕೂಗ್ಬೇಡ್ವೇ. ಪಾಪ, ಮೊದಲ್ನೇ ಸಲ ಅಡುಗೆ ಮಾಡಿದಾರೆ.”

“ಪಾಪ ಅಂತೆ, ಪಾಪ! ನಿನ್ನ ಪ್ರಾಣ ಹೋಗುತ್ತೆ!” ಎಂದು ರಟ್ಟೆ ಹಿಡಿದು ಎಳೆದುಕೊಂಡೇ ಹೊರಟೆ.

ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನ ಕೈಯಲ್ಲಿದ್ದ ಕಾಂಡ ನೋಡಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಕ್ಷಣ ಅಕ್ಕನಿಗೆ ಡ್ರಿಪ್ ಹಾಕಿಸಿದರು. “ಬೇಗ ಬಂದಿದೀರಿ, ಒಳ್ಳೇದಾಯ್ತು. ಆದ್ರೆ ಲಿವರ್ ತಡ್ಕೊಳ್ಳುತ್ತೋ ಇಲ್ವೋ, ಎರಡು ಮೂರು ದಿನ ಕಾದೇ ನೋಡ್ಬೇಕು.”

ನಮ್ಮ ಹಿಂದೆಯೇ ಬಂದಿದ್ದ ಭಾವ ಗೋಡೆಗೊರಗಿ ನಿಂತುಬಿಟ್ಟರು, ಮಂಚದ ಹತ್ತಿರ ಬರಲೇ ಇಲ್ಲ. ಅವರನ್ನು ಹಿಡಿದು ಝಾಡಿಸಬೇಕೆಂದು ಬಾಯಿ ತೆರೆದೆ. ಆ ಮುಖ ನೋಡಿ ಅಕ್ಕನ ಪಕ್ಕ ಹೋಗಿ ಕೂತೆ.

“ರೀ, ಬನ್ನಿ ಇಲ್ಲಿ,” ಅಂದಳು ಅಕ್ಕ. “ಉಪ್ಪು ಒಂಚೂರು ಜಾಸ್ತಿ ಆಗಿತ್ತು. ಮುಂದಿನ ಸಲ ನೋಡ್ಕೊಂಡು ಹಾಕಿ.”

ಅವರಿಗೆ ಕಾಣದ ಹಾಗೆ, ಹೊದಿಕೆಯ ಕೆಳಗೆ, ಅವಳು ನನ್ನ ಕೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು.