ಹೆಗ್ಗೊರಳದ ಆಹಾರ

ಈಗ ಕಚ್ಚಬೇಕಿತ್ತು. ಕಚ್ಚಲಿಲ್ಲ.

ಕಂಪ್ಯೂಟರಿನ ತೆರೆಯ ಮೇಲೆ ಹೆಗ್ಗೊರಳ ತನ್ನ ಉದ್ದನೆಯ ಕತ್ತನ್ನು ಬಾಗಿಸಿ, ಮೇಯುತ್ತಿದ್ದ ಬಿಳಿಯ ಪಾಚಿಮರಿಯೊಂದರ ಬೆನ್ನಿನ ಮೇಲೆ ದವಡೆಯಿಟ್ಟು ಹಾಗೇ ನಿಂತುಬಿಟ್ಟಿತು. ಪಾಚಿಮರಿ ಒಮ್ಮೆ ಮೈ ಕೊಡವಿ, ಬಂಡೆಯ ಪಾಚಿ ನೆಕ್ಕುವುದನ್ನು ಮುಂದುವರಿಸಿತು. ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಪ್ರಾಣಿಯ ಒಳಗಿನ ಲೆಕ್ಕ ತೆರೆದು ನೋಡಿದ. ಬಾಯಾರಿಕೆ, ನಿದ್ದೆ, ಆಯಾಸ ಎಲ್ಲ ಸರಿಯಾಗಿದ್ದವು. ಹಸಿವಿನ ಅಂಕಿ ಮಾತ್ರ ತನ್ನ ಚೌಕದೊಳಗೆ ಹಿಡಿಸದೆ ಪಕ್ಕಕ್ಕೆ ಚಾಚಿಕೊಂಡಿತ್ತು.

ಅದರ ಆಹಾರದ ಜಾಗ ಖಾಲಿಯಿತ್ತು. ಖಾಲಿ ಬಿಟ್ಟವನು ಅವನೇ.

ಆ ಆಟದ ಲೋಕದಲ್ಲಿ ಯಾವ ಪ್ರಾಣಿ ಯಾವುದನ್ನು ತಿನ್ನಬೇಕೆಂದು ಗೊತ್ತುಮಾಡುವುದು ಅವನ ಕೆಲಸ. ಹಿಂದೆ ಅವನು ನಿಜವಾದ ಪ್ರಾಣಿಗಳನ್ನು ಓದಿದ್ದ. ನೀರುನಾಯಿಗಳ ಹಿಕ್ಕೆಯನ್ನು ತೊಳೆದು, ಸೋಸಿ, ಮೀನಿನ ಮುಳ್ಳು ಯಾವುದು, ಏಡಿಯ ಚಿಪ್ಪು ಯಾವುದು ಎಂದು ಬೇರ್ಪಡಿಸಿ ಡಾಕ್ಟರೇಟು ಪಡೆದಿದ್ದ. ಆ ವಿದ್ಯೆಗೆ ಬೇರೆ ಯಾರೂ ಸಂಬಳ ಕೊಡಲು ಮುಂದೆ ಬರಲಿಲ್ಲ. ಆಟ ತಯಾರಿಸುವ ಈ ಕಂಪನಿ ಬಂತು. ಇಲ್ಲಿ ಎಲ್ಲರೂ ಅವನನ್ನು ಡಾಕ್ಟ್ರೇ ಎನ್ನುತ್ತಿದ್ದರು. ಅರ್ಧ ಗೌರವ, ಅರ್ಧ ತಮಾಷೆ.

ಉಳಿದ ಪ್ರಾಣಿಗಳ ಊಟವನ್ನೆಲ್ಲ ಅವನು ಸಂತೋಷದಿಂದ ಗೊತ್ತುಮಾಡಿದ್ದ. ಬಾಲದಿಂದ ಮೀನು ಹಿಡಿಯುವ ಹಕ್ಕಿ, ಮೊಟ್ಟೆಯ ಸಿಪ್ಪೆಯನ್ನಷ್ಟೇ ತಿನ್ನುವ ಇಲಿ, ಚಳಿಗಾಲದಲ್ಲಿ ಮಾಂಸ, ಬೇಸಿಗೆಯಲ್ಲಿ ಹೂವು ತಿನ್ನುವ ತೋಳ. ಹೆಗ್ಗೊರಳದ ಹತ್ತಿರ ಬಂದಾಗ ಮಾತ್ರ ಏನೂ ಹೊಳೆದಿರಲಿಲ್ಲ. ಆಮೇಲೆ ನೋಡೋಣ ಎಂದುಕೊಂಡಿದ್ದ. ನೋಡಿರಲಿಲ್ಲ.

ನಿಯಮ ಸರಳವಾಗಿತ್ತು. ಹಸಿದ ಪ್ರಾಣಿ ಹತ್ತಿರದ ಜೀವವನ್ನು ಹುಡುಕಿಕೊಂಡು ಹೋಗುತ್ತದೆ, ತಲೆ ಬಗ್ಗಿಸುತ್ತದೆ, ಅದು ತನ್ನ ಆಹಾರವಾಗಿದ್ದರೆ ಕಚ್ಚುತ್ತದೆ. ಹೆಗ್ಗೊರಳಕ್ಕೆ ಯಾವುದು ಆಹಾರ ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಅದು ಹೋಗುತ್ತಿತ್ತು, ತಲೆ ಬಗ್ಗಿಸುತ್ತಿತ್ತು, ಕಾಯುತ್ತಿತ್ತು. ಮಕ್ಕಳು ಆಡುವ ಆಟವಾದ್ದರಿಂದ ಹಸಿವಿನಿಂದ ಸಾಯುವುದನ್ನು ಅದರಲ್ಲಿ ಇಟ್ಟಿರಲಿಲ್ಲ.

“ನಮ್ಮ ತಾತನ್ನ ನೋಡ್ತಿದೀರಾ?” ಹಿಂದಿನಿಂದ ಬಲಿಯಕ್ಕ ಬಗ್ಗಿದಳು.

ಪುಟ್ಟ ಪ್ರಾಣಿಯಾಗಿ ಆ ಲೋಕದೊಳಗೆ ಹೋಗಿ, ದೊಡ್ಡವು ಸರಿಯಾಗಿ ಅಟ್ಟಿಸಿಕೊಂಡು ಬಂದು ಹಿಡಿಯುತ್ತವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಅದಕ್ಕೇ ಅವಳಿಗೆ ಆ ಹೆಸರು. ಹೆಗ್ಗೊರಳವನ್ನು ತಾತ ಎನ್ನುತ್ತಿದ್ದವಳು ಅವಳೇ.

“ಬೆಳಿಗ್ಗೆಯಿಂದ ಎಷ್ಟು ಸಲ ತಿಂದ್ವೋ ನನ್ನ. ಸಾಕಾದಾಗ ಹೋಗಿ ಇವನ ಪಕ್ಕ ಕೂತ್ಕೋತೀನಿ. ಹೇಗೆ ಮುದ್ದು ಮಾಡ್ತಾನೆ ನೋಡಿ.”

“ಅದು ಮುದ್ದಲ್ಲ.”

“ಮತ್ತೇನು?”

“ನೋಡ್ಬೇಕು,” ಎಂದ.

ಅವಳು ಹಣ್ಣಿನ ಹೋಳುಗಳಿದ್ದ ಡಬ್ಬಿಯನ್ನು ಅವನ ಮೇಜಿನ ತುದಿಯಲ್ಲಿಟ್ಟು ಹೋದಳು. ತಗೊಳ್ಳಿ ಎನ್ನಲಿಲ್ಲ. ಹಾಗೆಂದರೆ ಅವನು ಬೇಡ ಎನ್ನುತ್ತಾನೆಂದು ಅವಳು ಯಾವಾಗಲೋ ಕಂಡುಕೊಂಡಿದ್ದಳು.

ಬೆಳಿಗ್ಗೆ ಅವನು ಷೂ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಎದುರು ಬಂದು ನಿಂತಿದ್ದಳು. ಬಿದ್ದು ಕೈಕಾಲು ಮುರಿದುಕೊಂಡವರಿಗೆ ಮತ್ತೆ ನಡೆಯಲು ಕಲಿಸುವುದು ಅವಳ ಉದ್ಯೋಗ. ದೂರದ ಊರಿನ ಆಸ್ಪತ್ರೆಯೊಂದು ಅವಳನ್ನು ಎರಡು ವರ್ಷದ ಮಟ್ಟಿಗೆ ಕರೆದಿತ್ತು. ಇವತ್ತು ಉತ್ತರ ಹೇಳಬೇಕಿತ್ತು.

“ಹೋಗ್ಲಾ, ಬೇಡ್ವಾ, ಹೇಳ್ರೀ.”

“ನಿನ್ನಿಷ್ಟ.”

“ನನ್ನಿಷ್ಟ ನನಗೆ ಗೊತ್ತು. ಕೇಳ್ತಿರೋದು ನಿಮ್ಮದನ್ನ.”

“ನನಗೇನು, ಹೇಗಾದ್ರೂ ನಡೆಯುತ್ತೆ.”

ಭಾರ ಹೊರಲು ಒಪ್ಪದ ಕಾಲನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದ್ದಳು. ಸಿಟ್ಟಿರಲಿಲ್ಲ, ತುಸು ದಣಿವಿತ್ತು. ಆಮೇಲೆ ಅವನ ಕಾಲರಿಗೆ ಅಂಟಿದ್ದ ನೂಲನ್ನು ತೆಗೆದು ಒಳಗೆ ಹೋಗಿದ್ದಳು.

ಹಠವಿಲ್ಲದ ಮಗು ಎಂದು ಅವನಿಗೆ ಚಿಕ್ಕಂದಿನಿಂದಲೂ ಹೆಸರು. ದೊಡ್ಡಮ್ಮ ತನ್ನ ಮಕ್ಕಳ ಕಿವಿ ಹಿಂಡಿ, ‘ಅವನನ್ನ ನೋಡಿ ಕಲೀರಿ, ಬಾಯಿಬಿಟ್ಟು ಒಂದು ಕೇಳ್ತಾನಾ’ ಎನ್ನುತ್ತಿದ್ದಳು. ಆಗ ಹಸಿವಾಗಿತ್ತೋ ಇಲ್ಲವೋ ಈಗ ನೆನಪಿಲ್ಲ. ಹೊಗಳಿಕೆ ನೆನಪಿದೆ.

ಕಂಪನಿಯ ಯಜಮಾನರ ಕೋಣೆಗೆ ಹೋದ. ಅವರು ಕಿಟಕಿಯ ಬಳಿಯ ಕುಂಡಕ್ಕೆ ಲೋಟದಲ್ಲಿ ನೀರು ಹಾಕುತ್ತಿದ್ದರು.

“ಹೆಗ್ಗೊರಳದ್ದು ಪ್ರೀತಿ ಅಲ್ಲ ಸರ್, ಹಸಿವು. ಅದಕ್ಕೆ ಆಹಾರ ಹಾಕೋದನ್ನ ಮರೆತಿದ್ದೆ.”

“ಯಾರಿಗೆ ಗೊತ್ತು?”

“ನನಗೆ.”

“ನಿಮಗೊಬ್ಬರಿಗೆ ತಾನೇ.” ಅವರು ನಕ್ಕರು. “ಹೊರಗಿನವರ ಕೈಲಿ ಆಡಿಸಿ ನೋಡಿದ್ವಿ ಡಾಕ್ಟ್ರೇ. ಒಬ್ಬಳು ಹುಡುಗಿ ಆಟ ಮರೆತು ಅದರ ಪಕ್ಕದಲ್ಲೇ ಕೂತುಬಿಟ್ಟಳಂತೆ. ಬಾಯ್ತುಂಬ ಹಲ್ಲಿದೆ, ಆದ್ರೂ ಕಚ್ಚಲ್ಲ. ಇಂಥದ್ದು ಬೇಕು ಅಂದ್ರೂ ಸಿಗುತ್ತಾ?”

“ಅಂಕಿ ಏರ್ತಾನೇ ಇದೆ.”

“ಅಂಕಿಗೆ ಹೊಟ್ಟೆ ಇಲ್ವಲ್ಲ.” ಮತ್ತೆ ಅವನ ಮುಖ ನೋಡಿ ದನಿ ತಗ್ಗಿಸಿದರು. “ನೀವು ಮನಸ್ಸಿಗೆ ಹಚ್ಚಿಕೊಂಡಿದೀರಿ. ಇರ್ಲಿ. ಸಂಜೆಗೆ ಆಟದ ಕೆಲಸ ಮುಗಿಸಿ ಅದಕ್ಕೆ ಬೀಗ ಹಾಕ್ತೀವಿ, ಆಮೇಲೆ ಮುಟ್ಟೋ ಹಾಗಿಲ್ಲ. ಅಷ್ಟರೊಳಗೆ ತಿನ್ನಿಸೋದಾದ್ರೆ ತಿನ್ನಿಸಿ. ನಿಮ್ಮಿಷ್ಟ.”

ಬೇರೆಯವರ ಬಾಯಿಂದ ಕೇಳಿದಾಗ ಆ ಮಾತಿನಲ್ಲಿ ಉದಾರತೆ ಕಾಣಲಿಲ್ಲ. ಮೆಲ್ಲಗೆ ಬಾಗಿಲು ಹಾಕಿಕೊಂಡಂತೆ ಕೇಳಿಸಿತು.

ಮೇಜಿಗೆ ಮರಳಿ, ಹೆಗ್ಗೊರಳ ಇದ್ದ ಪಾಚಿಯ ಕಣಿವೆಯದೊಂದು ಪ್ರತಿ ಮಾಡಿಕೊಂಡ. ಪ್ರತಿಯಲ್ಲಿ ಏನಾದರೂ ಯಾರಿಗೂ ನಷ್ಟವಿಲ್ಲ. ಹೆಗ್ಗೊರಳದ ಆಹಾರದ ಜಾಗದಲ್ಲಿ ‘ಪಾಚಿಮರಿ’ ಎಂದು ಬರೆದ.

ಪ್ರಾಣಿ ಕಚ್ಚಿತು. ರಕ್ತವಿಲ್ಲ, ಸದ್ದಿಲ್ಲ, ದವಡೆಯ ಕೆಳಗಿದ್ದದ್ದು ಈಗ ಇರಲಿಲ್ಲ, ಅಷ್ಟೆ. ಉಳಿದವು ಓಡಬಹುದೆಂದು ಅವನು ಕಾದ. ಓಡಲಿಲ್ಲ. ಯಾರಿಗೆ ಹೆದರಬೇಕೆಂಬುದನ್ನು ಪಾಚಿಮರಿಗಳು ಮೊದಲೇ ಕಲಿತಿದ್ದವು, ಆ ಕಲಿಕೆಯಲ್ಲಿ ಹೆಗ್ಗೊರಳ ಇರಲಿಲ್ಲ. ಅದು ಎರಡನೆಯದನ್ನು ತಿಂದಿತು. ಮೂರನೆಯದು ರೂಢಿಯಂತೆ ತಾನಾಗಿ ಬಂದು ಅದರ ಕಾಲಿಗೆ ಒರಗಿಕೊಂಡಿತು.

ಇಷ್ಟಕ್ಕೆ ನಿಲ್ಲುತ್ತದೆ ಎಂದುಕೊಂಡ. ಆದರೆ ಹಸಿವು ಒಂದು ಹೊತ್ತಿನದಾಗಿರಲಿಲ್ಲ. ಪ್ರಾಣಿ ಹುಟ್ಟಿದಾಗಿನಿಂದ ಕೂಡಿಟ್ಟದ್ದು. ಒಂದೊಂದು ತುತ್ತಿಗೂ ಅಂಕಿ ಕೂದಲೆಳೆಯಷ್ಟು ಇಳಿಯುತ್ತಿತ್ತು. ಬಂಡೆಗಳ ಮೇಲಿನ ಬಿಳಿ ಚುಕ್ಕೆಗಳು ಒಂದೊಂದಾಗಿ ಇಲ್ಲವಾದವು. ಕೊನೆಗೆ ಕಣಿವೆಯಲ್ಲಿ ಹಸಿರು ಪಾಚಿ ಮಾತ್ರ ಉಳಿಯಿತು, ಅದನ್ನು ಮೇಯುವವರಿರಲಿಲ್ಲ. ಹೆಗ್ಗೊರಳ ನಡುವೆ ನಿಂತು ಕತ್ತೆತ್ತಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಹಸಿವಿನ ಅಂಕಿ ಇನ್ನೂ ಚೌಕದಾಚೆಗೇ ಇತ್ತು.

ಫೋನು ಅದುರಿತು. ಹೆಂಡತಿ.

“ಅವರು ಕೇಳ್ತಿದಾರೆ. ಏನು ಹೇಳ್ಲಿ?”

ಅವನು ಖಾಲಿ ಕಣಿವೆಯನ್ನು ನೋಡುತ್ತಿದ್ದ. ಹೋಗಬೇಡ ಎನ್ನುವ ಮಾತು ಗಂಟಲಿಗೆ ಬಂತು. ಅದರ ಹಿಂದೆಯೇ, ಅದನ್ನು ನೂಕಿಕೊಂಡು, ಬೇರೆ ಏನೇನೋ ಬರುತ್ತಿರುವಂತೆ ಅನ್ನಿಸಿತು. ಬೇಡ ಎಂದರೆ ಅಲ್ಲಿಗೆ ನಿಲ್ಲುತ್ತದೆಯೇ? ಅವಳ ಸಂಜೆಗಳು, ಅವಳ ಗೆಳತಿಯರು, ಕಿಟಕಿಯ ಬಳಿ ಅವಳು ಒಬ್ಬಳೇ ಕೂರುವ ಹೊತ್ತು, ಇವೆಲ್ಲ ತನಗೇ ಬೇಕೆನ್ನಿಸಿದರೆ?

“ಕೇಳಿಸ್ತಾ?”

“ಕೇಳಿಸ್ತು. ನಿನಗೆ ಯಾವುದು ಒಳ್ಳೇದೋ…”

“ಒಳ್ಳೇದು ಯಾವುದು ಅಂತ ನಾನು ಕೇಳಿಲ್ಲ ಕಣ್ರೀ.” ಅವಳು ಮಾತು ಬದಲಿಸಿದಳು. “ಊಟ ಆಯ್ತಾ?”

“ಆಯ್ತು,” ಎಂದ. ಆಗಿರಲಿಲ್ಲ.

ಪ್ರತಿಯನ್ನು ಅಳಿಸಿಹಾಕಿದ. ನಿಜವಾದ ಕಣಿವೆಯಲ್ಲಿ ಪಾಚಿಮರಿಗಳೆಲ್ಲ ಇದ್ದವು. ನಡುವೆ ಹೆಗ್ಗೊರಳ ಒಂದರ ಬೆನ್ನಿನ ಮೇಲೆ ದವಡೆಯೂರಿ ಕಣ್ಣು ಮುಚ್ಚಿತ್ತು. ಆಹಾರದ ಜಾಗದಲ್ಲಿ ಕರ್ಸರು ಮಿನುಗುತ್ತ ಬಹಳ ಹೊತ್ತು ಕಾಯಿತು. ಸಂಜೆ ಯಾರೋ ಚಪ್ಪಾಳೆ ತಟ್ಟಿದರು, ಆಟಕ್ಕೆ ಬೀಗ ಬಿದ್ದಿತ್ತು.

ಬಲಿಯಕ್ಕ ಡಬ್ಬಿ ತೆಗೆದುಕೊಳ್ಳಲು ಬಂದಳು. ಹೋಳುಗಳು ಹಾಗೇ ಇದ್ದವು. ಅವಳು ಮುಚ್ಚಳ ಒತ್ತಿ ಹಾಕಿದಳು.

“ತಾತ ಹೀಗೇ ಇರ್ತಾನಲ್ವಾ ಇನ್ನು?”

“ಹೀಗೇ ಇರ್ತಾನೆ.”

“ಸದ್ಯ, ಬದುಕಿದೆ ನಾನು. ಎಲ್ಲಿ ಅವನಿಗೂ ಕಚ್ಚೋದು ಕಲಿಸಿ ಕೆಡಿಸ್ತೀರೋ ಅಂತಿದ್ದೆ. ಅವನೂ ನಿಮ್ಮ ಥರಾನೇ ಡಾಕ್ಟ್ರೇ, ಪಾಪದವನು.”

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಅವನು ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿದುಕೊಂಡ.

ಮನೆಯಲ್ಲಿ ಹೆಂಡತಿ ಆಗಲೇ ಬಂದಿದ್ದಳು. ಮೇಜಿನ ಮೇಲೆ ಎರಡು ತಟ್ಟೆ, ಮುಚ್ಚಿದ ಪಾತ್ರೆಗಳು. ಅವನು ಕೈ ತೊಳೆದು ಬಂದು ಕುಳಿತ.

“ಏನು ಹೇಳಿದೆ ಅವರಿಗೆ?”

“ನಾಳೆ ಬೆಳಿಗ್ಗೆವರೆಗೂ ಬಿಡಿ ಅಂತ ಬೇಡಿಕೊಂಡೆ. ಆ ಕಡೆ ಹೆಂಗಸು ಒಳ್ಳೆಯವಳು, ನಕ್ಕು ಆಯ್ತಮ್ಮ ಅಂದ್ಲು.” ಸೌಟು ಕೈಗೆತ್ತಿಕೊಂಡಳು. “ಏನು ಬಡಿಸ್ಲಿ?”

“ಏನಾದ್ರೂ.”

“ಏನಾದ್ರೂ ಅನ್ನೋದನ್ನ ಇವತ್ತು ಮಾಡಿಲ್ಲ.”

ಅವನು ನಕ್ಕ. ಅವಳೂ ಸ್ವಲ್ಪ ನಕ್ಕಳು. ಆಮೇಲೆ ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಎದುರಿಗೆ ಕುಳಿತು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ನಿಮಗೇನು ಬೇಕು ಅಂತ ಹೇಳಿ. ಹೊತ್ತಾದ್ರೂ ಪರವಾಗಿಲ್ಲ. ನನಗೂ ಹಸಿವಾಗಿದೆ, ಆದ್ರೂ ಕಾಯ್ತೀನಿ.”

ಹಠಕ್ಕೆ ಹೇಳಿದ ಮಾತಾಗಿರಲಿಲ್ಲ. ನಡೆಯಲಾರದವನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಬನ್ನಿ, ನಾನಿದೀನಿ ಎಂದು ದಿನವೂ ಹೇಳುವ ದನಿ ಅದು. ಬೀಳುವವನನ್ನು ಹಿಡಿಯಲು ಅವಳು ತಯಾರಾಗಿದ್ದಳು. ತನ್ನ ಕಡೆಗೆ ಬರುವುದು ಏನೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಹುಶಃ ಅವಳು ಏಳುತ್ತಿರಲಿಲ್ಲ. ಅದನ್ನು ನೆನೆದೇ ಅವನಿಗೆ ಹೆದರಿಕೆಯಾಯಿತು.

ಅವನು ಮೇಜಿನ ಮೇಲೆ ಮುಂದಕ್ಕೆ ಬಾಗಿದ. ಬಾಯಿ ತೆರೆಯಿತು. ಅವಳು ಕಣ್ಣು ಕದಲಿಸದೆ ನೋಡುತ್ತಿದ್ದಳು.

ಅವಳ ಹೆಗಲಿನಾಚೆ, ಕಿಟಕಿಯ ಆ ಕಡೆ, ಎದುರು ಕಟ್ಟಡದ ಬಾಲ್ಕನಿಯಲ್ಲಿ ಮುದುಕಿಯೊಬ್ಬಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ದೀಪದ ಕೆಳಗೆ ಬಡಿಸಿಕೊಳ್ಳುವುದನ್ನೂ ಮರೆತು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತ ಗಂಡಹೆಂಡತಿಯನ್ನು ಕಂಡು ಅವಳ ಮುಖ ಅರಳಿತು. ಅವನು ತನ್ನನ್ನು ನೋಡಿದನೆಂದು ತಿಳಿದು, ಕದ್ದು ನೋಡಿದ್ದಕ್ಕೆ ಕ್ಷಮೆ ಕೇಳುವ ಹಾಗೆ ತಲೆಯಾಡಿಸಿ, ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು. ಅವರಿಬ್ಬರಿಗೆ ಮುಜುಗರವಾಗದಿರಲೆಂದು ತನ್ನ ಕಿಟಕಿಯ ಪರದೆಯನ್ನು ನಿಧಾನವಾಗಿ, ಪೂರ್ತಿಯಾಗಿ ಎಳೆದಳು.