ಚಂದ್ರಮತಿಯ ಬಾಗಿಲಿನ ಉಳ್ಳಾಗಡ್ಡಿ ಸಿಪ್ಪೆ

ಪುರಸಭೆಯವರು ಆ ವರ್ಷ ಹೇಳಿದ್ದು ಒಂದೇ ಮಾತು: ಎಲ್ಲರೂ ಕಸ ಕೊಡಬೇಕು.

ಎಪ್ಪತ್ತಾರು ವರ್ಷದ ಚಂದ್ರಮತಿಗೆ ಇದು ಹೊಸದೆನಿಸಿತು. ಶೇಡಬಾಳದಿಂದ ಈ ಊರಿಗೆ ಸೊಸೆಯಾಗಿ ಬಂದಂದಿನಿಂದ ಪುರಸಭೆ ಆಕೆಗೆ ಬಹಳ ಹೇಳಿತ್ತು. ಇಲಿ ಹಿಡಿದು ಕೊಡಿ ಎಂದಿತ್ತು. ಜೈನರ ಮನೆ, ಇಲಿಗೂ ಜೀವವಿದೆ ಎಂದು ಆಕೆ ಸುಮ್ಮನಿದ್ದಳು. ಹಿತ್ತಲಿನ ತಿಪ್ಪೆ ಮುಚ್ಚಿ ಎಂದಿತ್ತು, ಮುಚ್ಚಿದಳು. ಹತ್ತು ವರ್ಷದ ಮೇಲೆ ಗೊಬ್ಬರದ ಗುಂಡಿ ತೋಡಿ ಎಂದಿತ್ತು, ಮುಚ್ಚಿದಲ್ಲೇ ತೋಡಿದಳು. ಬಾಗಿಲ ಮುಂದೆ ಗಿಡ ಹಚ್ಚಿ ಎಂದಾಗ ಹಚ್ಚಿದಳು. ರಸ್ತೆ ಅಗಲ ಮಾಡುವಾಗ ಅದನ್ನು ಅವರೇ ಕಡಿದರು. ಆದರೆ ಕಸ ಕೊಡಿ ಎಂದು ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ಹುಡುಕಿ ನೋಡಿದರೆ ಮನೆಯಲ್ಲಿ ಕಸವೇ ಇರಲಿಲ್ಲ.

ಕಾಯಿಪಲ್ಲೆಯ ಸಿಪ್ಪೆ ಎಮ್ಮೆಗೆ ಹೋಗುತ್ತಿತ್ತು. ಉಂಡ ತಾಟನ್ನು ಆಕೆ ನೀರು ಹಾಕಿ ತೊಳೆದು ಆ ನೀರನ್ನೇ ಕುಡಿಯುತ್ತಿದ್ದಳು. ಹರಿದ ಸೀರೆ ಕೌದಿಗೆ, ಬೂದಿ ಪಾತ್ರೆ ತಿಕ್ಕಲು. ಅಂಗಡಿಗೆ ಡಬ್ಬಿ, ಅರಿವೆಯ ಚೀಲ ಒಯ್ಯುತ್ತಿದ್ದಳು. ಉಳ್ಳಾಗಡ್ಡಿ, ಬಟಾಟಿಯಂಥ ನೆಲದೊಳಗಿನ ಗಡ್ಡೆ ಯಾವುದೂ ನಲವತ್ತು ವರ್ಷದಿಂದ ಆಕೆಯ ಹೊಸ್ತಿಲು ದಾಟಿರಲಿಲ್ಲ. ಉಳಿದ ಜೈನ ಮನೆಗಳಲ್ಲಿ ಅವನ್ನು ಬಿಡುವುದು ಮಳೆಗಾಲದ ಚಾತುರ್ಮಾಸದ ನಾಲ್ಕು ತಿಂಗಳು ಮಾತ್ರ. ಈ ಸಲವೂ ಬಿಟ್ಟಿದ್ದೇವೆ ಎಂದು ಎಲ್ಲರೂ ಹೇಳುತ್ತಿದ್ದರು.

ಪ್ರತಿ ಬಾಗಿಲಿಗೂ ಪುರಸಭೆಯವರು ಕ್ಯೂಆರ್ ಕೋಡಿನ ಚೌಕದ ಚೀಟಿ ಅಂಟಿಸಿದ್ದರು. ಘಂಟಿ ಗಾಡಿಯ ಜೊತೆ ಬರುವ ಸಾವಿತ್ರೆವ್ವ ಕಸದ ಬಕೀಟನ್ನು ಬಾಗಿಲ ಮುಂದಿಟ್ಟು ಮೊಬೈಲಿನಲ್ಲಿ ಫೋಟೊ ಹೊಡೆಯಬೇಕು. ತಿಂಗಳಲ್ಲಿ ಒಮ್ಮೆಯಾದರೂ ಕಸ ಕೊಟ್ಟ ಮನೆ ಆಫೀಸಿನ ಕಂಪ್ಯೂಟರಿನಲ್ಲಿ ಹಸಿರು, ಕೊಡದ ಮನೆ ಕೆಂಪು. ಎಲ್ಲ ಮನೆ ಹಸಿರಾದ ವಾರ್ಡಿಗೆ ಗಾಂಧಿ ಜಯಂತಿಯಂದು ಶೀಲ್ಡು. ಕೆಂಪು ಉಳಿದ ವಾರ್ಡಿನ ಗಾಡಿಯವರಿಗೆ ಗಟಾರದ ಕೆಲಸ.

ಗಟಾರದಲ್ಲಿ ಮೂರು ವರ್ಷ ನಿಂತು ಸೊಂಟ ಹಿಡಿಸಿಕೊಂಡವಳು ಸಾವಿತ್ರೆವ್ವ. ವಾರ್ಡಿನಲ್ಲಿ ಕೆಂಪು ಉಳಿದದ್ದು ಒಂದೇ ಮನೆ.

ವಾರ್ಡಿನ ಮೆಂಬರ್ ಶ್ರೇಣಿಕ ಖುದ್ದು ಬಂದು ಕಟ್ಟೆಯ ಮೇಲೆ ಕುಳಿತ.

"ಕಾಕೂ, ಕೈ ಮುಗೀತೀನಿ, ಒಂದೀಟ ಕಸಾ ಕೊಡ್ರಿ."

"ಇದ್ದರ ಕೊಡ್ತಿದ್ನೆಲ್ಲೊ ತಮ್ಮಾ."

"ಗುಳಿಗಿ ತಿಂದಿದ್ ಪಾಕೀಟ?"

"ಗುಳಿಗಿ ನುಂಗೂವಂಥಾದ್ದ ಏನೂ ಆಗಿಲ್ಲ."

"ಬಾಳಿಹಣ್ಣಿನ ಸಿಪ್ಪಿ?"

"ಎಮ್ಮಿ ಕೇಳತೈತಿ."

ಶ್ರೇಣಿಕ ಎಮ್ಮೆಯ ಕಡೆ ನೋಡಿದ. ಅದು ಚೌಕದ ಚೀಟಿಯ ಒಂದು ಮೂಲೆಯನ್ನು ಆಗಲೇ ತಿಂದಿತ್ತು.

"ಹೋಗ್ಲಿ, ಖಾಲಿ ಬಕೀಟ ಇಟ್ಟ ಫೋಟೊ ಹೊಡೀಲಿ?"

"ಕೊಡದ್ದನ್ನ ಕೊಟ್ಟೇನಿ ಅಂದ್ರ ಸುಳ್ಳಾಗತೈತಪಾ. ಸುಳ್ಳ ಹೇಳೂದಿಲ್ಲಂತ ವ್ರತಾ ತಗೊಂಡೇನಿ."

ಗಾಂಧಿ ಜಯಂತಿಗೆ ಇನ್ನು ಹತ್ತೇ ದಿನ ಉಳಿದಿರುವಾಗ ಒಂದು ಬೆಳಿಗ್ಗೆ, ಚಂದ್ರಮತಿ ಬಸದಿಗೆ ಹೋದ ಹೊತ್ತಿನಲ್ಲಿ, ಸಾವಿತ್ರೆವ್ವ ಬಾಜೂ ಮನೆಯ ತುಂಬಿದ ಬಕೀಟನ್ನು ಎತ್ತಿ ಆಕೆಯ ಬಾಗಿಲಿಗಿಟ್ಟು ಫೋಟೊ ಹೊಡೆದಳು. ಮನೆ ಹಸಿರಾಯಿತು. ಶ್ರೇಣಿಕನಿಗೆ ಸಂತೋಷ ತಡೆಯಲಿಲ್ಲ. 'ಕೊನೆಯ ಮನೆಯೂ ಹಸಿರು, ಚಂದ್ರಮತಿ ಕಾಕೂ ಅವರಿಗೆ ಅಭಿನಂದನೆಗಳು' ಎಂದು ಬರೆದು ಫೋಟೊವನ್ನು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದ.

ಫೋಟೊದಲ್ಲಿ ಚಂದ್ರಮತಿಯ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಬಕೀಟಿನ ಮೇಲಿದ್ದ ಉಳ್ಳಾಗಡ್ಡಿ ಸಿಪ್ಪೆಯೂ ಚೆನ್ನಾಗಿ ಕಾಣುತ್ತಿತ್ತು.

ಮಧ್ಯಾಹ್ನ ಸಾವಿತ್ರೆವ್ವ ಓಡುತ್ತ ಬಂದಳು.

"ಆಯಿ, ತಪ್ಪಾತ್ರಿ. ನಿಮ್ಮ ಬಾಗಲಕ ಬ್ಯಾರೇದೋರ ಬಕೀಟ ಇಟ್ಟ ಫೋಟೊ ಹೊಡದ್ನಿರಿ. ಬಕೀಟಿನ್ಯಾಗ ಏನೈತಿ ನಾ ನೋಡ್ಲಿಲ್ರಿ. ನಿಮ್ಮ ಮಂದಿಯೆಲ್ಲಾ ಮಾತಾಡಾಕತ್ತಾರ. ಆಫೀಸಿಗೆ ಹೋಗಿ ಖರೇ ಹೇಳಿ ಬರ್ತೀನ್ರಿ."

"ಹೇಳಿದ್ರ ನಿನ್ನ ಏನ್ ಮಾಡ್ತಾರ?"

"ಗಟಾರಕ್ಕ ಹಾಕ್ತಾರ್ರಿ."

"ಬಕೀಟ ಯಾರದ?"

ಸಾವಿತ್ರೆವ್ವ ದನಿ ಇಳಿಸಿದಳು. "ಕುಸುಮಕ್ಕಾರದರಿ."

ಕುಸುಮ ಬಾಜೂ ಮನೆಯವಳು, ಬಸದಿಯ ಮಹಿಳಾ ಮಂಡಳದ ಮುಂದಾಳು. ಈ ಚಾತುರ್ಮಾಸದಲ್ಲಿ ಗಡ್ಡೆ ಬಿಟ್ಟವರ ಯಾದಿಯಲ್ಲಿ ಮೊದಲ ಹೆಸರು ಅವಳದೇ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಏಳೆಂಟು ಹೆಂಗಸರು ಬರುವುದು ಕಂಡಿತು. ಮುಂದೆ ಕುಸುಮ, ಕೈಯಲ್ಲಿ ಮೊಬೈಲು. ಚಂದ್ರಮತಿ ಯೋಚಿಸಿದಳು. ನನ್ನದಲ್ಲ ಎಂದರೆ ಯಾರದು ಎನ್ನುತ್ತಾರೆ. ಮಾತು ಎಳೆದಂತೆ ಸಾವಿತ್ರೆವ್ವ ಗಟಾರಕ್ಕೆ ಹೋಗುತ್ತಾಳೆ. ನನ್ನದೇ ಎಂದರೆ ಸುಳ್ಳು. ಆಕೆ ಒಳಗೆ ಹೋಗಿ ಸುಣ್ಣದ ತುಂಡು ತಂದು ಬಾಗಿಲ ಪಕ್ಕದ ಗೋಡೆಯ ಮೇಲೆ ಸೊಟ್ಟ ಅಕ್ಷರದಲ್ಲಿ ಬರೆದಳು: 'ಮೌನ. ಗಾಂಧಿ ಜಯಂತಿ ತನಕ.'

ಚಾತುರ್ಮಾಸದಲ್ಲಿ ಮೌನ ಹಿಡಿಯುವುದು ಜೈನರಲ್ಲಿ ಹೊಸದಲ್ಲ. ಹಿಡಿದವರನ್ನು ಮಾತಾಡಿಸಿದರೆ ಮಾತಾಡಿಸಿದವರಿಗೆ ಪಾಪ. ಹೆಂಗಸರು ಗೋಡೆ ಓದಿ ನಿಂತರು.

"ಇವತ್ತಽ ಹಿಡದಾರ ನೋಡ್ರಿ," ಎಂದಳು ಕುಸುಮ. "ವಯಸ್ಸಾತು, ನಾಲಗಿ ಚಪಲಾ ತಡಿಯೂದಿಲ್ಲ."

ಆ ಹತ್ತು ದಿನ ಚಂದ್ರಮತಿ ಎಲ್ಲರ ಮಾತು ಕೇಳಿದಳು. ಬಸದಿಯಲ್ಲಿ ಪೂಜೆಯ ಅಕ್ಕಿ ತೊಳೆಯುವ ಕೆಲಸ ಮೂವತ್ತು ವರ್ಷದಿಂದ ಆಕೆಯದು. ಉಳ್ಳಾಗಡ್ಡಿ ಮುಟ್ಟಿದ ಕೈ ಎಂದು ಅದನ್ನು ಕುಸುಮನಿಗೆ ಕೊಟ್ಟರು. ಕುಸುಮ ಚೆನ್ನಾಗಿಯೇ ತೊಳೆದಳು. ಚಂದ್ರಮತಿ ಕಂಬದ ಹಿಂದೆ ಕುಳಿತು ನೋಡಿದಳು. ರಾತ್ರಿಯಲ್ಲೂ ಎಂದೂ ಬಾರದ ಅಳು ಆಕೆಗೆ ಹಗಲಲ್ಲೇ ಬಂತು. ಮನೆಗೆ ಹೋಗಿ ಎಮ್ಮೆಯ ಕೊಟ್ಟಿಗೆಯಲ್ಲಿ ಅತ್ತು ಮುಗಿಸಿದಳು.

ಗಾಂಧಿ ಜಯಂತಿಯಂದು ವಾರ್ಡಿಗೆ ಶೀಲ್ಡು ಬಂತು. ಶ್ರೇಣಿಕ ಚಂದ್ರಮತಿಯನ್ನು ವೇದಿಕೆಗೆ ಹತ್ತಿಸಿದ. ಪುರಸಭೆಯ ಸಾಹೇಬರು ಶಾಲು ಹೊದಿಸಿ, "ತಡವಾಗಿಯಾದರೂ ಜಾಗೃತಿ ಹೊಂದಿದ ತಾಯಿ" ಎಂದು ಮೈಕು ಮುಂದೆ ಹಿಡಿದರು. ಆಕೆ ಕೈ ಮುಗಿದಳು. ಇದು ಬಾಪೂಜಿಗೆ ಸಲ್ಲಿಸಿದ ಮೌನ ಎಂದು ಸಾಹೇಬರು ವಿವರಿಸಿದರು. ಜನ ಚಪ್ಪಾಳೆ ಹೊಡೆದರು. ಸಾವಿತ್ರೆವ್ವನನ್ನು ಅದೇ ವಾರ್ಡಿನಲ್ಲಿ ಮುಂದುವರಿಸಿದ್ದಾಗಿ ಘೋಷಿಸಿದರು. ಚಹಾ ಕುಡಿದ ಕಾಗದದ ಕಪ್ಪುಗಳನ್ನು ಸಾವಿತ್ರೆವ್ವನೇ ಬಳಿದಳು.

ಮರುದಿನ ಬೆಳಿಗ್ಗೆ ಮೌನ ಮುಗಿಯಿತು. ಬಸದಿಯ ಪಡಸಾಲೆಯಲ್ಲಿ ಹೆಂಗಸರೆಲ್ಲ ನೆರೆದಿದ್ದರು. ಕುಸುಮ ಅಕ್ಕಿಯ ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

"ಈಗರೆ ಬಾಯಿ ಬಿಡ್ರಿ ಕಾಕೂ. ಆ ಸಿಪ್ಪಿ?"

"ನನ್ನ ಮನೀವಲ್ಲ," ಎಂದಳು ಚಂದ್ರಮತಿ. ಹತ್ತು ದಿನ ಆಡದ ದನಿ ಸ್ವಲ್ಪ ಒಡೆದಿತ್ತು. "ಯಾರ ಮನೀವಂತ ನನಗ ಗೊತ್ತೈತಿ. ನಾನಾಗಿ ಹೇಳೂದಿಲ್ಲ. ಆದರ ಯಾರರೆ ಕೇಳಿದ್ರ ಹೇಳಬೇಕಾಗತೈತಿ, ಸುಳ್ಳಾಡಾಕ ನನಗ ಬರೂದಿಲ್ಲ. ಕೇಳೋರ ಇದ್ದರ ಕೇಳ್ರಿ."

ಯಾರೂ ಕೇಳಲಿಲ್ಲ. ಎಂಟು ಹೆಂಗಸರಿದ್ದರು, ಎಂಟೂ ಮಂದಿ ತಂತಮ್ಮ ಬಕೀಟನ್ನು ನೆನೆಸಿಕೊಳ್ಳುತ್ತಿದ್ದಂತೆ ಕಂಡಿತು. ಒಬ್ಬಳು ಸೆರಗು ಸರಿ ಮಾಡಿಕೊಂಡಳು. ಕುಸುಮ ಬೋಗುಣಿಯನ್ನು ತೊಡೆಯಿಂದ ಇಳಿಸಿ ಮೆಲ್ಲಗೆ ಚಂದ್ರಮತಿಯ ಮುಂದೆ ಸರಿಸಿದಳು.

"ಉಗಾರದ ಕಡೆ ಮೋಡ ಆಗೇತಿ," ಎಂದಳು ಯಾರೋ. "ಮಳಿ ಬರಬಹುದೇನ್ರಿ?"

"ಬರತೈತಿ, ಬರತೈತಿ," ಎಂದಳು ಕುಸುಮ, ಎಲ್ಲರಿಗಿಂತ ಮೊದಲು.