ಉಗುರಿಗೆ ಸಿಗದ ಗೆರೆ

ಬಿಲ್ಲು ಕೊಳ್ಳುವವರಲ್ಲಿ ಎಳೆದು ನೋಡುವವರಿದ್ದಾರೆ, ಬಿಸಿಲಿಗೆ ಹಿಡಿದು ನೋಡುವವರಿದ್ದಾರೆ. ನಮಗೆ ತಲೆನೋವು ಈ ಎರಡನೆಯವರಿಂದ. ಮರದ ತೆಳು ಪಟ್ಟಿಗಳ ಎರಡೂ ಬದಿಗೆ ಪಾರದರ್ಶಕ ಫೈಬರ್‌ಗ್ಲಾಸ್ ಅಂಟಿಸಿ, ಬಿಗಿದು, ಕಾಯಿಸಿ, ಕೆತ್ತಿ, ಉಜ್ಜಿ ಒಂದು ಬಿಲ್ಲು ಮಾಡುವಷ್ಟರಲ್ಲಿ ನಮಗೆ ಸಾಕೋಸಾಕಾಗಿರುತ್ತದೆ. ಇವರು ಅದನ್ನು ಮನೆಗೆ ಒಯ್ದು ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ಕೆಂಪು ಸುತ್ತು ಹಾಕಿ ಕಳಿಸುತ್ತಾರೆ. ಇಲ್ಲಿ ಬಿಳಿ ಚುಕ್ಕೆ ಇದೆ, ಇಲ್ಲಿ ಹಾಲಿನ ಬಣ್ಣದ ಗೆರೆ ಇದೆ, ಇಲ್ಲೊಂದು ಗುಳ್ಳೆ ಇದೆ.

ಇರುತ್ತದೆ. ಕೈಯಲ್ಲಿ ಮಾಡಿದ್ದು, ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಗಾಜಿನ ಎಳೆಗಳ ನಡುವೆ ಅಂಟು ಸರಿಯಾಗಿ ಇಳಿಯದಿದ್ದರೆ ಗೆರೆ ಉಳಿಯುತ್ತದೆ, ಗಾಳಿ ಸಿಕ್ಕಿಕೊಂಡರೆ ಗುಳ್ಳೆ. ಬಿಲ್ಲಿನ ಬಲಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಮಾವ ಅದನ್ನು 'ಅಂದದ ದೋಷ' ಎನ್ನುತ್ತಿದ್ದರು. "ಮಚ್ಚೆ ಇಲ್ದಿರೋ ಮೈ ಇದ್ರೆ ತೋರ್ಸಿ, ಚುಕ್ಕೆ ಇಲ್ದಿರೋ ಬಿಲ್ಲು ನಾನು ಕೊಡ್ತೀನಿ" ಎಂದು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದರು.

ಆದರೆ ಅಂದದ ಗೆರೆಯೂ ಬಿರುಕೂ ನೋಡಲು ಅಕ್ಕತಂಗಿಯರ ಹಾಗೇ ಇರುತ್ತವೆ. ಬಿರುಕು ಬಿಟ್ಟ ಬಿಲ್ಲು ಕೆನ್ನೆಯ ತನಕ ಎಳೆದ ಹೊತ್ತಿನಲ್ಲಿ ಸಿಡಿದರೆ ಕಣ್ಣೇ ಹೋದೀತು. ಯಾವುದು ಗೆರೆ, ಯಾವುದು ಬಿರುಕು ಎಂದು ಹೇಳಲು ನಮ್ಮಲ್ಲಿದ್ದ ಯಂತ್ರ ಒಂದೇ, ಮಾವನ ಬಲಗೈ ಹೆಬ್ಬೆರಳಿನ ಉಗುರು. ಅದನ್ನು ಅವರು ಉದ್ದಕ್ಕೆ ಬೆಳೆಸಿದ್ದರು. ಕಣ್ಣು ಮುಚ್ಚಿ, ಗೆರೆಗೆ ಅಡ್ಡಲಾಗಿ ಉಗುರು ಎಳೆಯುತ್ತಿದ್ದರು. ಜಾರಿದರೆ ಅಂದದ ದೋಷ, ತಡೆದರೆ ಬಿರುಕು. ತಡೆದ ಬಿಲ್ಲನ್ನು ಆಗಲೇ ಗರಗಸಕ್ಕೆ ಕೊಡುತ್ತಿದ್ದರು. ಗಿರಾಕಿಗಳು ಅವರನ್ನು ಉಗುರಜ್ಜ ಎಂದೇ ಕರೆಯುವುದು. ಅಜ್ಜ ನೋಡಿದ ಬಿಲ್ಲನ್ನು ಇನ್ನೊಬ್ಬರು ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ.

ಅಂಟಿನ ಕೆಲಸ ನನ್ನ ಗಂಡನದಾಗಿತ್ತು, ವಾರ್ನಿಷ್ ನನ್ನದು. ಚಳಿಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವನು ಹಾಗೇ ಕುಸಿದ. ನಾನು ಒಲೆ ಆರಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ಎಂದರು ಡಾಕ್ಟರು. ನಾನು ಅಳಲಿಲ್ಲ, ಮಾವನೂ ಅಳಲಿಲ್ಲ. ಬಂದವರೆಲ್ಲ ನನ್ನ ಮುಖದಲ್ಲಿ ಬಿರುಕು ಹುಡುಕಿ, ಸಿಗದೆ, ಕಾಫಿ ಕುಡಿದು ಹೋದರು. "ಎಂಥಾ ಗಟ್ಟಿಗಿತ್ತಿ" ಎಂದು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಾ ಯಾರೋ ಅಂದದ್ದು ಕೇಳಿಸಿತು. ಹೊಗಳಿಕೆಯಲ್ಲ ಎಂದು ತಿಳಿಯಿತು. ಸಿಟ್ಟೂ ಬರಲಿಲ್ಲ.

ಆಮೇಲೆ ಮಾವ ಅಂಟಿನ ಕೆಲಸವನ್ನೂ ತಾವೇ ಹಿಡಿದರು. ಇಬ್ಬರೂ ಬೆಳಿಗ್ಗೆ ಶೆಡ್ಡಿಗೆ ಹೋಗುತ್ತಿದ್ದೆವು, ಸಂಜೆ ಮನೆಗೆ ಬರುತ್ತಿದ್ದೆವು. ಉಪ್ಪು ಕಡಿಮೆಯಾದರೂ ಅವರು ಹೇಳುತ್ತಿರಲಿಲ್ಲ, ಜಾಸ್ತಿಯಾದರೂ ನನಗೆ ಗೊತ್ತಾಗುತ್ತಿರಲಿಲ್ಲ. ಅವನ ಹೆಸರು ಯಾರೂ ಎತ್ತಲಿಲ್ಲ. ಎತ್ತಬಾರದೆಂದೇನೂ ಅಲ್ಲ, ಎತ್ತಿದರೆ ಏನಾಗುತ್ತದೆ ಎಂದು ನೋಡುವ ಆಸೆಯೂ ಇರಲಿಲ್ಲ. ಬಿಲ್ಲುಗಳಲ್ಲಿ ಗೆರೆ, ಗುಳ್ಳೆ ಹೆಚ್ಚಾದವು. ಮಾವ ಉಗುರು ಎಳೆದು, "ಅಂದದ ದೋಷ" ಎಂದು ಪಕ್ಕಕ್ಕಿಡುತ್ತಿದ್ದರು. ನಾನು ವಾರ್ನಿಷ್ ಬಳಿಯುತ್ತಿದ್ದೆ. ಇಷ್ಟು ದಿನವಾದರೂ ಗರಗಸಕ್ಕೆ ಒಂದು ಬಿಲ್ಲೂ ಹೋಗಲಿಲ್ಲವಲ್ಲ ಎಂದು ಒಮ್ಮೆ ಅನಿಸಿತ್ತು. ಅನಿಸಿದ್ದು ಹಾಗೇ ಹೋಯಿತು. ಆ ದಿನಗಳಲ್ಲಿ ಯಾವುದೂ ನನ್ನಲ್ಲಿ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಡ್ರಾಯಿಂಗ್ ಮೇಷ್ಟ್ರೊಬ್ಬರು ತಾವು ಈಚೆಗೆ ಕೊಂಡ ಬಿಲ್ಲನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದರು. ಬಿಲ್ಲು ಅವರ ಮಗಳಿಗೆ.

"ಅಜ್ಜಾ, ಬಿಲ್ಲಿನ ಮೇಲಿನ ತೋಳಲ್ಲಿ ಗೆರೆ ಕಾಣಿಸ್ತಿದೆ. ತಂದಾಗ ಇಷ್ಟಿರ್ಲಿಲ್ಲ. ನಾಳೆ ಮಗಳಿಗೆ ಸ್ಪರ್ಧೆ ಬೇರೆ."

ಮಾವ ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣು ಮುಚ್ಚಿ ಉಗುರು ಎಳೆದರು. "ಅಂದದ ದೋಷ ಮೇಷ್ಟ್ರೇ. ಚಿತ್ರ ಬರೆಯೋರಿಗೆ ಗೆರೆ ಕಂಡ್ರೆ ಭಯನಾ?"

ಮೇಷ್ಟ್ರು ನಕ್ಕರು. ನಗುವಾಗಲೂ ಕಣ್ಣು ಗೆರೆಯ ಮೇಲೇ ಇತ್ತು. "ಹಾಗಾದ್ರೆ ಮಗಳಿಗೆ ಕೊಡಬಹುದಲ್ಲ?"

"ಧಾರಾಳವಾಗಿ."

ಒರೆಸಿ ಕೊಡೋಣವೆಂದು ನಾನು ಬಿಲ್ಲು ತೆಗೆದುಕೊಂಡೆ. ಬಟ್ಟೆ ಮೇಲಿನ ತೋಳಿನಲ್ಲಿ ಒಂದು ಕಡೆ ಸಿಕ್ಕಿಕೊಂಡಿತು. ಅಲ್ಲಿ ನನ್ನ ಉಗುರಿಟ್ಟು ಎಳೆದೆ. ತಡೆಯಿತು. ಇನ್ನೊಮ್ಮೆ ಎಳೆದೆ. ಸಂಶಯಕ್ಕೆ ಜಾಗವೇ ಇರಲಿಲ್ಲ, ಹಸುಗೂಸಿನ ಕೈಗೂ ತಿಳಿಯುವಂಥ ಬಿರುಕು. ಗಿರಾಕಿಯ ಎದುರು ಹೇಳುವುದೋ ಬೇಡವೋ ಎಂದು ಒಂದು ಕ್ಷಣ ನಿಂತೆ. ನಾಳೆ ಆ ಹುಡುಗಿ ಇದನ್ನು ಕೆನ್ನೆಗೆ ಎಳೆಯುತ್ತಾಳೆ.

"ಮಾವ, ಇನ್ನೊಂದ್ಸಲ ನೋಡಿ."

"ನೋಡಿದ್ದಾಯ್ತಲ್ಲಮ್ಮ."

"ಸಿಗ್ತಿದೆ ಮಾವ. ನನ್ನ ಉಗುರಿಗೆ ಸಿಗ್ತಿದೆ."

ಮಾವನ ಮುಖ ಕೆಂಪಾಯಿತು. "ನಿನ್ನ ಉಗುರಿಗೆ ವಾರ್ನಿಷ್ ಮೆತ್ಕೊಂಡಿದೆ. ಕೊಡು ಇಲ್ಲಿ." ಮತ್ತೆ ಉಗುರು ಎಳೆದರು. ಉಗುರು ಬಿರುಕಿನ ಬಾಯಿಗೆ ತಗುಲಿ, ನಿಂತು, ಆಮೇಲೆ ದಾಟಿದ್ದನ್ನು ನಾನೇ ಕಂಡೆ. ಮೇಷ್ಟ್ರೂ ಕಂಡರು. ಕಣ್ಣು ಮುಚ್ಚಿದ್ದ ಮಾವ ಮಾತ್ರ ಕಾಣಲಿಲ್ಲ. "ಏನೂ ಇಲ್ಲ. ಬೇಕಾದ್ರೆ ನಿಮ್ಮೆದುರಿಗೇ ಎಳೆದು ತೋರಿಸ್ತೀನಿ" ಎಂದು ಹೆದೆ ಏರಿಸಿದರು.

"ಬೇಡ ಮಾವ" ಎಂದೆ. ಅವರು ಆಗಲೇ ಎಳೆದಿದ್ದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪಟಾಕಿಯಂಥ ಸದ್ದಾಯಿತು, ಮೇಲಿನ ತೋಳು ಎರಡಾಗಿ ಸೀಳಿ ಗೋಡೆಗೆ ಬಡಿಯಿತು. ಗಾಜಿನ ಚೂರು ಮಾವನ ಹೆಬ್ಬೆರಳಿನ ಬುಡದಲ್ಲಿ ಕಡ್ಡಿಯಂತೆ ನೆಟ್ಟಿತ್ತು. ಮೇಷ್ಟ್ರು ಕೂಗಿಕೊಂಡರು. ಮಾವ ಮಾತ್ರ ಮುರಿದ ಬಿಲ್ಲನ್ನೇ ನೋಡುತ್ತಿದ್ದರು. ನೆಲದ ಮೇಲೆ ರಕ್ತದ ಹನಿ ಬಿದ್ದಾಗ, ಎಲ್ಲಿಂದ ಬಿತ್ತು ಎಂದು ಸುತ್ತಲೂ ಹುಡುಕಿದರು.

ಮೇಷ್ಟ್ರನ್ನು ಸಮಾಧಾನ ಮಾಡಿ, ಸ್ಪರ್ಧೆಗೆ ನನ್ನ ಗಂಡ ಮಾಡಿದ್ದ ಹಳೆಯ ಬಿಲ್ಲೊಂದನ್ನು ಕೊಟ್ಟು ಕಳಿಸಿದೆ. ಆಮೇಲೆ ಮಾವನನ್ನು ಸ್ಟೂಲಿನ ಮೇಲೆ ಕೂರಿಸಿ, ಚಿಮಟದಿಂದ ಚೂರು ಕಿತ್ತೆ. ಒಳಗೆ ಮುರಿದಿದ್ದ ತುದಿಗಾಗಿ ಸೂಜಿ ಹಾಕಿ ಕೆದಕಬೇಕಾಯಿತು. ಅವರು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾ ಕೂತಿದ್ದರು.

"ನೋವಾಗ್ತಿಲ್ವಾ ಮಾವ?"

"ಇಲ್ಲ."

"ಯಾವಾಗಿನಿಂದ?"

"ಅವನು ಹೋದಾಗಿಂದ."

"ಡಾಕ್ಟರಿಗೆ ತೋರಿಸಬಾರದಿತ್ತಾ? ಮೊದಲೇ ಸಕ್ಕರೆ ಕಾಯಿಲೆ ಇದೆ ನಿಮಗೆ, ಅದರಲ್ಲಿ ಕೈಕಾಲು ಮರಗಟ್ಟತ್ತೆ. ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಕಾಯಿಲೆ ಅಂತ ಯಾರಿಗಮ್ಮಾ ಗೊತ್ತಿತ್ತು? ಮಗ ಹೋದ್ರೆ ಹೀಗೇ ಆಗತ್ತೆ ಅಂದ್ಕೊಂಡೆ. ಮೊದ್ಲು ಕಾಲು, ಆಮೇಲೆ ಕೈ. ನಿನ್ನೂ ನೋಡ್ತಿದ್ನಲ್ಲ. ಮಾತಿಲ್ಲ, ಅಳು ಇಲ್ಲ. ಕುದಿಯೋ ಪಾತ್ರೇನ ನೀನು ಬರಿಗೈಯಲ್ಲಿ ಇಳಿಸಿದ್ದೆ ಅವತ್ತೊಂದಿನ. ಇವಳಿಗೂ ಸ್ಪರ್ಶ ಹೋಗಿದೆ ಅಂದ್ಕೊಂಡೆ. ಮನೇಲಿ ಇಬ್ರಿಗೂ ಒಂದೇ ಥರ ಆಗಿದೆ, ಹೇಳೋದೇನಿದೆ ಅಂತ ಸುಮ್ನಿದ್ದೆ."

ನಾನು ಪಾತ್ರೆ ಇಳಿಸಿದ್ದು ನಿಜ. ಬೆರಳು ಸುಟ್ಟಿತ್ತು, ಬೊಬ್ಬೆಯೂ ಎದ್ದಿತ್ತು. ಹಾ ಎನ್ನುವಷ್ಟು ಆಸಕ್ತಿ ಇರಲಿಲ್ಲ, ಅಷ್ಟೇ. ಅದನ್ನು ಅವರಿಗೆ ಹೇಗೆ ಬಿಡಿಸಿ ಹೇಳಲಿ? ಪಾಪ ಎನಿಸಿತು ಅವರನ್ನು ಕಂಡು. ಮೈ ಮರಗಟ್ಟಿದ್ದನ್ನು ದುಃಖ ಎಂದು ನಂಬಿಕೊಂಡು, ದುಃಖಕ್ಕೆ ಮದ್ದಿಲ್ಲವೆಂದು ತೆಪ್ಪಗೆ ಕೆಲಸ ಮಾಡಿಕೊಂಡಿದ್ದರು.

ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಈ ಮೇಷ್ಟ್ರ ಬಿಲ್ಲು ಒಂದೇ ಅಲ್ಲ. ಅಂದಿನಿಂದ ಈ ಶೆಡ್ಡಿನಿಂದ ಹೊರಹೋದ ಅಷ್ಟೂ ಬಿಲ್ಲುಗಳನ್ನು ನೋಡಿದ್ದು ಇದೇ ಹೆಬ್ಬೆರಳು.

ಮಾವ ಎಡಗೈಯಲ್ಲಿ ಫೋನ್ ಎತ್ತಿಕೊಂಡರು. ಬೆರಳಿಗೆ ಕಟ್ಟಿದ ಬಟ್ಟೆಯನ್ನು ಎದೆಗೆ ಆನಿಸಿಕೊಂಡು, ಮೊದಲ ಗಿರಾಕಿಗೆ ಹಚ್ಚಿದರು. ನಾನು ಕಪಾಟಿನಲ್ಲಿ ಉಳಿದಿದ್ದ ಬಿಲ್ಲುಗಳನ್ನು ಒಂದೊಂದಾಗಿ ಇಳಿಸಿ ಉಗುರು ಎಳೆಯತೊಡಗಿದೆ.

"ಅಜ್ಜ ಮಾತಾಡ್ತಿರೋದು. ಇತ್ತೀಚೆಗೆ ಒಯ್ದ್ರಲ್ಲ ಬಿಲ್ಲು, ಅದನ್ನ ಎಳೀಬೇಡಿ... ಯಾವುದು ಅಂದ್ರೆ, ಈಚಿನದು... ಎರಡಿದ್ಯಾ? ಕಪ್ಪು ಹಿಡಿಕೆಯದಲ್ಲ, ಅಲ್ಲ, ಅದೂ ಇರಬಹುದು..." ಮಾವ ತಡವರಿಸಿದರು. ತಾರೀಖು ಅವರಿಗೆ ನೆನಪಿರಲಿಲ್ಲ. ಅವರಿಗೆ ಗೊತ್ತಿದ್ದ ಗುರುತು ಒಂದೇ. "ನನ್ನ ಮಗ ತೀರ್ಕೊಂಡ್ಮೇಲೆ ಕೊಟ್ಟಿದ್ದು" ಎಂದರು.

'ತೀರ್ಕೊಂಡ' ಎಂಬ ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ನನ್ನ ಕೈ ನಿಂತಿತು. ಆ ಕಡೆಯವರಿಗೆ ವಿಷಯ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಏನಾಯಿತು, ಹೇಗಾಯಿತು ಎಂದು ಕೇಳುತ್ತಿದ್ದರು. ಮಾವ ಹೇಳಿದರು. ಫೋನಿಟ್ಟು ಇನ್ನೊಬ್ಬರಿಗೆ ಹಚ್ಚಿದರು. ಅಲ್ಲೂ ಯಾವ ಬಿಲ್ಲು ಎಂಬ ಪ್ರಶ್ನೆ ಬಂತು, ಅಲ್ಲೂ ಅದೇ ಉತ್ತರ. ನನ್ನ ಮಗ ತೀರ್ಕೊಂಡ್ಮೇಲೆ. ಒಬ್ಬೊಬ್ಬರಿಗೆ ಹೇಳುವಾಗಲೂ ದನಿ ಸಣ್ಣದಾಗುತ್ತಾ ಹೋಯಿತು. ಕೊನೆಗೊಮ್ಮೆ "ನನ್ನ ಮಗ" ಎಂದವರು ಮುಂದಕ್ಕೆ ಹೋಗಲಾರದೆ, ಫೋನನ್ನು ನನ್ನ ಕಡೆ ಚಾಚಿದರು.

ಆ ಕಡೆ ಯಾರೋ ಹೆಂಗಸು. "ಹಲೋ? ಅಜ್ಜಾ? ಯಾವ ಬಿಲ್ಲು ಅಂದ್ರಿ?"

"ನಾನು ಸೊಸೆ ಮಾತಾಡ್ತಿರೋದು" ಎಂದೆ. "ನನ್ನ ಗಂಡ ತೀರ್ಕೊಂಡ್ಮೇಲೆ ಕೊಟ್ಟಿದ್ದು."

ಆಕೆ ಇನ್ನೂ ಏನೋ ಕೇಳಿದಳು. ನನಗೆ ಹೇಳಲಾಗಲಿಲ್ಲ. ನಾನು ಅಳುತ್ತಿದ್ದೆ, ಬಾಯಿ ತೆರೆದು, ಸದ್ದು ಮಾಡಿ. ಮಾವ ಫೋನನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, ಮೂಗು ಒರೆಸಿಕೊಂಡು, "ಎಳೀಬೇಡಿ ತಾಯಿ" ಎಂದರು. "ನಾವೇ ಬಂದು ನೋಡ್ತೀವಿ. ಅಲ್ಲೀತನಕ ಎಳೀಬೇಡಿ."